ಹನ್ನೆರಡು ಗೇಣಿನ ಅಪ್ಪ

ನಿದ್ದೆಯಲ್ಲಿ ಹಸಿರು ಹುಳುವೊಂದು ನನ್ನ ಅಂಗಾಲಿನಿಂದ ಹೊರಟು, ಮೊಣಕಾಲು ದಾಟಿ, ಹೊಟ್ಟೆಯ ಮೇಲೆ ಬಾಗಿ ಬಾಗಿ ನಡೆಯುತ್ತ ಇಂಗ್ಲಿಷಿನಲ್ಲಿ ಎಣಿಸುತ್ತಿತ್ತು. "ಸೆವೆನ್... ಏಟ್..." ಕಣ್ಣು ತೆರೆದರೆ ಸಪ್ತಾಪುರದ ನಮ್ಮ ಬಾಡಿಗೆ ಮನೆ, ಭಾನುವಾರದ ಮಧ್ಯಾಹ್ನ. ಜಮಖಾನೆಯ ಮೇಲೆ ಮಲಗಿದ್ದ ನನಗೆ ಎರಡನೇ ತರಗತಿಯ ಮಗಳು ಗೇಣು ಹಾಕುತ್ತಿದ್ದಳು. ಬೆಳಿಗ್ಗೆಯಷ್ಟೇ ಮಗ್ಗಿ ತಪ್ಪಿದ್ದಕ್ಕೆ ಗದರಿ ಅವಳನ್ನು ಅಳಿಸಿದ್ದೆ.

"ಅಲ್ಲಾಡಬ್ಯಾಡ್ರಿ ಪಪ್ಪಾ, ಲೆಕ್ಕ ತಪ್ಪತೈತಿ. ಮನ್ಯಾಗ ಎಲ್ಲಾಕಿಂತ ದೊಡ್ಡದು ಯಾವುದೈತಿ, ಅದನ್ನ ಅಳದು ಬರ್ರಿ ಅಂದಾರ ನಮ್ಮ ಟೀಚರ್."

"ಕಪಾಟ ನನಕಿಂತ ಎತ್ತರ ಐತಲ್ಲವಾ?"

ಅವಳು ಕಪಾಟನ್ನೊಮ್ಮೆ ನೋಡಿದಳು. ನನ್ನ ನೆತ್ತಿಗೆ ಕೊನೆಯ ಗೇಣಿಟ್ಟು "ಟ್ವೆಲ್ವ್" ಎಂದು ಬರೆದುಕೊಂಡಳು.

ಕಪಾಟು ಈಗಲೂ ನನಗಿಂತ ಎತ್ತರವೇ. ಆದರೆ ಮಗ್ಗಿ ಹೇಳಿಕೊಡುವಾಗ ನನ್ನ ದನಿ ಏರಿತೆಂದರೆ, ಆ ಹನ್ನೆರಡರಲ್ಲಿ ಒಂದು ಗೇಣು ಕುಗ್ಗಿದಂತಾಗುತ್ತದೆ.