ಒಲ್ಲೆ ಎನ್ನಲಾಗದ ನಾಯಕ

ಕೋವಿಡ್ ಮುಗಿದ ಮರುವರ್ಷ ನಾನು ಅಬುಧಾಬಿಯ ಬನಿಯಾಸ್‌ನ ಶಾಲೆಯೊಂದರಲ್ಲಿ ಇಂಗ್ಲಿಷ್ ವಿಭಾಗದ ಮುಖ್ಯಸ್ಥೆಯಾಗಿದ್ದೆ. ಹನ್ನೆರಡನೇ ತರಗತಿಗೆ ಮದುವೆಯ ಸುತ್ತ ಹೆಣೆದ ಹತ್ತೊಂಬತ್ತನೇ ಶತಮಾನದ ಕಾದಂಬರಿಗಳನ್ನು ಕಲಿಸುತ್ತಿದ್ದವರು ಉಡುಪಿ ಕಡೆಯ ಹರೀಶ್. ಆ ಕಥೆಗಳ ಗಂಡಸರೆಂದರೆ ಅವರಿಗೆ ತಾತ್ಸಾರ. ಮನೆತನಕ್ಕೆ ಹೆದರಿ ಪ್ರೀತಿಸಿದವಳ ಕೈಬಿಡುವವನು ನಾಯಕನೇ ಅಲ್ಲ ಎಂದು ಮಕ್ಕಳೊಡನೆ ಗಂಟೆಗಟ್ಟಲೆ ವಾದಿಸುತ್ತಿದ್ದರು.

ಹಮ್ದಾನ್ ಸ್ಟ್ರೀಟಿನ ಕ್ಲಿನಿಕ್ಕೊಂದರಲ್ಲಿ ನರ್ಸ್ ಆಗಿದ್ದ ಪ್ರೆಸಿಲ್ಲಾಳನ್ನು ಅವರು ಮದುವೆಯಾಗುವವರಿದ್ದರು. ಅವಳು ಮಂಗಳೂರಿನ ಕೊಂಕಣಿ ಕ್ರಿಶ್ಚಿಯನ್. ಅವಳ ಮನೆಯವರು ಹೇಗೋ ಒಪ್ಪಿದರು. ಹರೀಶರ ಅಮ್ಮ ಮಾತ್ರ ಊರಿನಲ್ಲಿ ಬೇರೆ ಹುಡುಗಿಯನ್ನು ಗೊತ್ತುಮಾಡಿಬಿಟ್ಟರು.

ಒಂದು ಮಧ್ಯಾಹ್ನ ಹರೀಶ್ ಸ್ಟಾಫ್ ರೂಮಿಗೆ ಬಂದು ಫೋನನ್ನು ನನ್ನ ಕೈಗಿಟ್ಟರು. “ನೀವೊಮ್ಮೆ ಮಾತಾಡಿ ಮೇಡಂ. ಅಮ್ಮ ನನ್ನ ಮಾತು ಕೇಳುದಿಲ್ಲ.”

ಪ್ರೆಸಿಲ್ಲಾಳ ಬಗ್ಗೆ ನನಗೆ ತಿಳಿದ ಒಳ್ಳೆಯದನ್ನೆಲ್ಲ ಹೇಳಿದೆ. ಆ ತಾಯಿ ಜಗಳವಾಡಲಿಲ್ಲ.

“ಹುಡುಗಿ ಒಳ್ಳೆಯವಳೇ ಇರ್ಬಹುದು ಟೀಚರೇ. ಆದ್ರೆ ಇವನಿಗೆ ಇಬ್ರು ತಂಗಿಯಂದ್ರು ಇದ್ದಾರೆ. ನಾಳೆ ಅವರನ್ನು ಯಾರು ಕೇಳಿಕೊಂಡು ಬರ್ತಾರೆ? ನೀವು ಹುಡುಕಿ ಕೊಡ್ತೀರಾ?”

ಫೋನ್ ಹಿಂದಿರುಗಿಸುವಾಗ ಹರೀಶರ ಮುಖ ನೋಡಲಾಗಲಿಲ್ಲ.

ಬೇಸಿಗೆ ರಜೆ ಮುಗಿಸಿ ಅವರು ಮದುವೆಯಾಗಿಯೇ ಬಂದರು. ಪ್ರೆಸಿಲ್ಲಾ ಅಷ್ಟರಲ್ಲಿ ದುಬೈಯಲ್ಲಿ ಕೆಲಸ ಹುಡುಕಿಕೊಂಡು ಹೋಗಿದ್ದಳು. ಒಮ್ಮೆ ನಾನೇ ಅವಳಿಗೆ ಫೋನ್ ಮಾಡಿ ಹರೀಶರ ಮೇಲೆ ಸಿಟ್ಟು ತೋರಿಸಿದೆ. “ಬೈಬೇಡಿ ಮೇಡಂ,” ಎಂದಳು. “ನೀವು ಬೈದ್ರೆ ನಾನು ಅವರ ಪರ ಮಾತಾಡ್ಬೇಕಾಗ್ತದೆ. ನಂಗೆ ಅದು ಬೇಡ.”

ಸೆಪ್ಟೆಂಬರಿನಲ್ಲಿ ಹರೀಶರ ಲೆಸನ್ ಅಬ್ಸರ್ವೇಶನ್ ಬಂತು. ಎಂದರೆ, ನಾನು ತರಗತಿಯ ಹಿಂದೆ ಕುಳಿತು ಪಾಠವನ್ನು ಅಳೆದು ಫಾರಂ ತುಂಬುವ ಕೆಲಸ. ಅಂದಿನ ಅಧ್ಯಾಯದಲ್ಲಿ ನಾಯಕ ತನ್ನ ಸೋದರತ್ತೆಯ ಹಟಕ್ಕೆ ಮಣಿದು ಬೇರೊಬ್ಬಳನ್ನು ಮದುವೆಯಾಗುತ್ತಾನೆ. ಮುಂದಿನ ಸಾಲಿನ ಹುಡುಗಿ ಎದ್ದು ಇಂಗ್ಲಿಷಿನಲ್ಲಿ ಕೇಳಿದಳು: “ಸರ್, ಒಲ್ಲೆ ಅಂತ ಒಂದು ಮಾತು ಹೇಳಿದ್ದರೆ ಸಾಕಿತ್ತಲ್ಲ?”

ಹರೀಶ್ ಕಿಟಕಿಯ ಕಡೆ ನೋಡಿದರು. “ಸಾಕಿತ್ತು,” ಎಂದರು. “ಅದನ್ನೇ ಹೇಳಲಾಗಲಿಲ್ಲ.”

ಅದು ಕಥೆಯ ವಿಶ್ಲೇಷಣೆಯೆಂದು ಮಕ್ಕಳು ಬರೆದುಕೊಂಡರು. ನನ್ನ ಫಾರಂ ಖಾಲಿಯೇ ಉಳಿಯಿತು.

ಹರೀಶರ ತಪ್ಪನ್ನು ನಾನು ಇಂದಿಗೂ ತಪ್ಪೆಂದೇ ಹೇಳುತ್ತೇನೆ. ಪ್ರೆಸಿಲ್ಲಾ ಕಳೆದುಕೊಂಡದ್ದನ್ನು ಯಾವ ವಿವರಣೆಯೂ ತುಂಬದು. ಆದರೆ ಪಾತ್ರಗಳಿಗೆ ಧೈರ್ಯ ಹೇಳುವುದು ಎಷ್ಟು ಸುಲಭದ ಕೆಲಸ ಎಂಬುದು ನನಗೆ ತಿಳಿದದ್ದು ಆ ವರ್ಷ. ಪುಸ್ತಕದ ಹೊರಗೆ ಅಂಥವನೊಬ್ಬ ಎದುರಿಗೆ ನಿಂತಾಗ, ಅಷ್ಟು ವರ್ಷ ಕಲಿಸಿದ ನನ್ನಲ್ಲಿ ಅವನಿಗೆ ಹೇಳಿಕೊಡುವಂಥದ್ದು ಏನೂ ಇರಲಿಲ್ಲ.