ನಾನಿಡದ ಬೊಟ್ಟು

ಮೊದಲೇ ಹೇಳಿಬಿಡುತ್ತೇನೆ. ದೃಷ್ಟಿಯಾಗುವುದು, ಕಣ್ಣು ಬೀಳುವುದು, ಇಂಥವುಗಳಲ್ಲಿ ನನಗೆ ನಂಬಿಕೆ ಇರಲಿಲ್ಲ. ಇವತ್ತೂ ಇಲ್ಲ. ಇದನ್ನು ಓದಿ 'ಕೊನೆಗೂ ದಾರಿಗೆ ಬಂದಳು ನೋಡಿ' ಎಂದು ತಲೆದೂಗಲು ಕಾದಿರುವವರು ಇಲ್ಲಿಗೇ ನಿಲ್ಲಿಸಬಹುದು. ನಾನು ಯಾವ ದಾರಿಗೂ ಬಂದಿಲ್ಲ. ಕೆಲವು ವರ್ಷಗಳ ಹಿಂದೆ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ, ಅಷ್ಟೇ.

ನಾನಿರುವುದು ಕಾವಾಸಾಕಿಯಲ್ಲಿ. ವಾರವೆಲ್ಲ ಒಂದು ಕಾರ್ಖಾನೆಯ ಆಫೀಸಿನಲ್ಲಿ ಯಂತ್ರದ ಬಿಡಿಭಾಗಗಳ ಡ್ರಾಯಿಂಗ್ ಮಾಡುತ್ತೇನೆ, ಶನಿವಾರ ಬಂತೆಂದರೆ ಕ್ಯಾಮೆರಾ ಹೆಗಲಿಗೇರುತ್ತದೆ. ಟೋಕಿಯೋದಿಂದ ಯೊಕೊಹಾಮಾದವರೆಗಿನ ಕನ್ನಡದ ಮನೆಗಳಲ್ಲಿ ಸೀಮಂತ, ನಾಮಕರಣ, ಹುಟ್ಟುಹಬ್ಬ ಏನೇ ಇದ್ದರೂ ನನಗೊಂದು ಫೋನ್ ಬರುತ್ತದೆ. ಊರಿನಲ್ಲಿ ನನ್ನ ತಮ್ಮ ಇದನ್ನೇ ಹಿಡಿದು ಆಡಿಕೊಳ್ಳುತ್ತಾನೆ, ಕ್ಯಾಮೆರಾ ಹುಟ್ಟುವ ದೇಶಕ್ಕೆ ಹೋಗಿ ತೊಟ್ಟಿಲ ಫೋಟೋ ತೆಗೆಯುತ್ತಿದ್ದೀಯಲ್ಲ ಎಂದು. ತೆಗೆಯುತ್ತೇನೆ, ಏನೀಗ?

ಎಡಿಟಿಂಗಿಗೆ ಕುಳಿತಾಗ ನನ್ನದೊಂದು ಕಟ್ಟುಪಾಡಿದೆ. ವಾರದಲ್ಲಿ ಮಾಯುವಂಥದ್ದನ್ನು ಅಳಿಸುತ್ತೇನೆ: ಮೊಡವೆ, ಸೊಳ್ಳೆ ಕಚ್ಚಿದ ಗುರುತು, ಮಕ್ಕಳ ಕೆನ್ನೆಯ ಗುಳ್ಳೆ. ಮನುಷ್ಯನ ಜೊತೆಗೇ ಉಳಿಯುವ ಮಚ್ಚೆಯನ್ನಾಗಲಿ ಗಾಯದ ಕಲೆಯನ್ನಾಗಲಿ ಮುಟ್ಟುವುದಿಲ್ಲ. ಇಲ್ಲದ್ದನ್ನು ಮಾತ್ರ ಸತ್ತರೂ ಸೇರಿಸುವುದಿಲ್ಲ. ಒಬ್ಬರು ಹೂವೆಲ್ಲ ಉದುರಿಹೋದ ಮೇ ತಿಂಗಳಲ್ಲಿ ಬಂದು ಹೆಂಡತಿಯ ಹಿಂದೆ ಸಾಕುರಾ ಹೂವು ಅರಳಿಸಿಕೊಡಿ ಎಂದಿದ್ದರು. ಮುಂದಿನ ವಸಂತಕ್ಕೆ ಹೆಂಡತಿಯನ್ನೇ ಕರೆತನ್ನಿ ಎಂದೆ. ಅವರು ಮತ್ತೆ ಬರಲಿಲ್ಲ.

ಸಹನಾ ನನ್ನ ಗೆಳತಿ. ಜಪಾನಿಗೆ ಬಂದ ಹೊಸತರಲ್ಲಿ ಇಬ್ಬರೂ ಒಂದೇ ಮನೆಯಲ್ಲಿದ್ದೆವು, ಒಂದೇ ಕುಕ್ಕರಿನಲ್ಲಿ ಅನ್ನ ಮಾಡಿಕೊಂಡು ತಿಂದವರು. ಅವಳು ಮೈಸೂರಿನವಳು, ಶಿನಾಗಾವಾದ ಐಟಿ ಕಂಪನಿಯೊಂದರಲ್ಲಿ ಕೆಲಸ. ಈ ಊರಿನಲ್ಲಿ ನನಗೆ ಅಕ್ಕ ತಂಗಿ ಎಂದು ಯಾರಾದರೂ ಇದ್ದರೆ ಅವಳೇ. ಅವಳಿಗೆ ಮಗಳು ಹುಟ್ಟಿದಾಗ ನಾಮಕರಣದ ಫೋಟೋ ತೆಗೆಯುವವಳು ನಾನೇ ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ನಾಮಕರಣಕ್ಕೆ ಸ್ವಲ್ಪ ಮುಂಚೆ ಸಹನಾಳ ಅಮ್ಮ ಗಿರಿಜಾ ಆಂಟಿ ಮೈಸೂರಿನಿಂದ ನನಗೊಂದು ವಾಯ್ಸ್ ಮೆಸೇಜ್ ಕಳಿಸಿದರು. ಮಂಡಿಯ ಆಪರೇಷನ್ ಆಗಿ ಅವರಿಗೆ ಬರಲಾಗಿರಲಿಲ್ಲ. "ನೋಡಮ್ಮ, ಮಗೂಗೆ ದೃಷ್ಟಿ ಬೊಟ್ಟು ಇಡಲ್ಲ ಅಂತ ಹಟ ಹಿಡಿದು ಕೂತಿದಾಳೆ ಇವ್ಳು. ನೀನಾದ್ರೂ ಕಂಪ್ಯೂಟರಲ್ಲಿ ಫೋಟೋಗೆ ಒಂದು ಬೊಟ್ಟು ಇಟ್ಬಿಡು. ಆ ಫೋಟೋನ ಎಷ್ಟು ಜನ ನೋಡ್ತಾರೋ ಏನೋ." ನನ್ನ ಕಟ್ಟುಪಾಡನ್ನು ವಿವರಿಸಿ, ಆಗುವುದಿಲ್ಲ ಆಂಟಿ ಎಂದು ಹೇಳಿದೆ. ಸಹನಾಳಿಗೂ ಈ ವಿಷಯ ತಿಳಿಸಿದೆ. ಇಬ್ಬರೂ ನಕ್ಕೆವು.

ಬೊಟ್ಟು ಬೇಡ ಎನ್ನಲು ಅವಳಿಗೆ ಕಾರಣವಿತ್ತು. ಮಗುವಿನ ಕೆನ್ನೆಯ ತುಂಬ ಕೆಂಪು ಗುಳ್ಳೆಗಳೆದ್ದಿದ್ದವು, ಡಾಕ್ಟರು ಮುಖಕ್ಕೆ ಏನನ್ನೂ ಹಚ್ಚಬೇಡಿ ಎಂದಿದ್ದರು. ನಾಮಕರಣ ನಡೆದದ್ದು ಒಂದು ಸಮುದಾಯ ಕೇಂದ್ರದ ಹಾಲಿನಲ್ಲಿ, ಮಧ್ಯಾಹ್ನದ ಒಳ್ಳೆಯ ಬೆಳಕಿನಲ್ಲಿ. ಅಲ್ಲಿ ಬೆಂಕಿ ಹೊತ್ತಿಸುವ ಹಾಗಿಲ್ಲ, ಹಾಗಾಗಿ ಬ್ಯಾಟರಿ ದೀಪ. ತೊಟ್ಟಿಲ ಪಕ್ಕದಲ್ಲಿ ನನ್ನದೇ ಪುಟ್ಟ ಟ್ರೈಪಾಡಿನ ಮೇಲೆ ಫೋನು, ಅದರಲ್ಲಿ ವಿಡಿಯೋ ಕಾಲ್‌ನಲ್ಲಿ ಗಿರಿಜಾ ಆಂಟಿ.

ಮಗುವನ್ನು ತೊಟ್ಟಿಲಿಗೆ ಹಾಕುವ ಹೊತ್ತಿಗೆ ಸರಿಯಾಗಿ ಫೋನಿನೊಳಗಿಂದ ಮಾತು ಶುರುವಾಯಿತು. "ಕೆನ್ನೆಗೆ ಬೇಡ, ಅಂಗಾಲಿಗಾದ್ರೂ ಒಂದು ಬೊಟ್ಟಿಡೇ, ನಿನ್ನ ದಮ್ಮಯ್ಯ."

"ಅಮ್ಮಾ, ಎಲ್ಲರೆದುರಿಗೆ ಶುರು ಮಾಡ್ಬೇಡ. ಡಾಕ್ಟರ್ ಬೇಡ ಅಂದಿದಾರೆ, ಮುಗೀತು," ಎಂದಳು ಸಹನಾ. ಹಾಲಿನಲ್ಲಿದ್ದವರೆಲ್ಲ ತಮ್ಮ ತಮ್ಮ ಫೋನುಗಳಲ್ಲಿ ಮುಖ ಹುದುಗಿಸಿದರು. ಆಂಟಿ ಪರದೆಯಿಂದ ಸರಿದರು. ಸ್ವಲ್ಪ ಹೊತ್ತು ಮೈಸೂರಿನ ಮನೆಯ ಫ್ಯಾನು ಮಾತ್ರ ಕಾಣುತ್ತಿತ್ತು. ಆಮೇಲೆ ಅವರ ಮುಖ ತೀರ ಹತ್ತಿರ ಬಂತು, ಹಣೆ ಕಣ್ಣು ಬಿಟ್ಟರೆ ಬೇರೇನೂ ಕಾಣದಷ್ಟು ಹತ್ತಿರ. ಅಳುತ್ತಿದ್ದಾರೆ ಎಂದುಕೊಂಡು ನಾನು ಕ್ಯಾಮೆರಾವನ್ನು ಮಗುವಿನ ಕಡೆಗೆ ತಿರುಗಿಸಿದೆ.

ಮರುದಿನ ಬೆಳಿಗ್ಗೆ ಕಾಫಿ ಹಿಡಿದು ಫೋಟೋಗಳ ಮುಂದೆ ಕುಳಿತೆ. ಮಗುವಿನ ಕೆನ್ನೆಯ ಗುಳ್ಳೆಗಳನ್ನು ಒಂದೊಂದಾಗಿ ಅಳಿಸುತ್ತ ಬಂದಾಗ ಕೆಂಪಿನ ನಡುವೆ ಒಂದು ಕಪ್ಪು ಕಂಡಿತು. ಬಲಗೆನ್ನೆಯ ಮೇಲೆ, ಕಿವಿಯ ಹತ್ತಿರ. ಪೂರ್ತಿ ದುಂಡಗಿರಲಿಲ್ಲ, ಅಲ್ಪವಿರಾಮದ ಹಾಗೆ ಕೆಳಗೊಂದು ಸಣ್ಣ ಬಾಲವಿತ್ತು.

ಕ್ಯಾಮೆರಾದೊಳಗಿನ ಸೆನ್ಸರಿನ ಮೇಲೆ ಧೂಳು ಕೂತಿದೆ ಎಂದುಕೊಂಡೆ. ಈ ಕೆಲಸ ಮಾಡುವ ಯಾರೇ ಆದರೂ ಮೊದಲು ಅದನ್ನೇ ಅಂದುಕೊಳ್ಳುತ್ತಾರೆ. ಆದರೆ ಧೂಳಿನ ಚುಕ್ಕೆ ಚೌಕಟ್ಟಿನಲ್ಲಿ ಒಂದೇ ಕಡೆ ಇರುತ್ತದೆ, ಎದುರಿಗೆ ಮಗು ಇರಲಿ, ಗೋಡೆ ಇರಲಿ. ಇದು ಮಗುವಿನ ಜೊತೆ ಓಡಾಡುತ್ತಿತ್ತು. ಮಗು ತಲೆ ಹೊರಳಿಸಿದರೆ ಇದೂ ಹೊರಳುತ್ತಿತ್ತು, ಬಟ್ಟೆ ಮುಚ್ಚಿದರೆ ಮರೆಯಾಗುತ್ತಿತ್ತು. ತೊಟ್ಟಿಲಿಗೆ ಹಾಕುವ ಮುಂಚಿನ ಫೋಟೋಗಳಲ್ಲಿ ಇರಲಿಲ್ಲ, ಆಮೇಲಿನ ಎಲ್ಲದರಲ್ಲೂ ಇತ್ತು. ಹಾಗಾದರೆ ಸಹನಾ ಕೊನೆಗೆ ಮನಸ್ಸು ಕರಗಿ ಇಟ್ಟಿದ್ದಾಳೆ ಎಂದು ಸಂತೋಷವೇ ಆಯಿತು. ಒಂದು ಫೋಟೋ ಕಳಿಸಿ, 'ಅಂತೂ ಬೊಟ್ಟಿಟ್ಟೆಯಲ್ಲ' ಎಂದು ಬರೆದೆ.

ಅವಳು ಉತ್ತರ ಬರೆಯಲಿಲ್ಲ. ನೇರವಾಗಿ ನನ್ನ ಮನೆಗೇ ಬಂದಳು. ಬಂದವಳೇ ಗಂಡ ಪ್ರದೀಪನ ಫೋನನ್ನು ನನ್ನ ಮುಂದೆ ಹಿಡಿದಳು. ಅವನು ಅದೇ ಹೊತ್ತಿನಲ್ಲಿ, ನನ್ನ ಪಕ್ಕದಲ್ಲೇ ನಿಂತು ತೆಗೆದ ಫೋಟೋಗಳು. ಅವುಗಳಲ್ಲಿ ಮಗುವಿನ ಕೆನ್ನೆಯ ಮೇಲೆ ಗುಳ್ಳೆಗಳಿದ್ದವು, ಬೊಟ್ಟು ಇರಲಿಲ್ಲ.

"ಅಮ್ಮ ಕೇಳಿದ್ಲು, ನೀನು ಮಾಡ್ಕೊಟ್ಟೆ. ಅಷ್ಟೇ ತಾನೇ?"

ನಾನು ಕ್ಯಾಮೆರಾದಿಂದಲೇ ಮೂಲ ಫೋಟೋಗಳನ್ನು ತೆಗೆದು ತೋರಿಸಿದೆ. ಕಂಪ್ಯೂಟರಿನ ಹತ್ತಿರವೂ ಸುಳಿಯದವು. ಅವಳು ಸಾಫ್ಟ್‌ವೇರ್‌ನವಳು, ಯಾವ ಫೈಲನ್ನೂ ನಂಬುವ ಜಾತಿಯಲ್ಲ. "ಯಾವುದನ್ನ ಬೇಕಾದ್ರೂ ತಿದ್ದಬಹುದು ಕಣೇ, ನಂಗೆ ಹೇಳ್ಬೇಡ. ಹೋಗ್ಲಿ, ಅಳಿಸಿಬಿಡು. ನಾನೂ ಮರ್ತುಬಿಡ್ತೀನಿ."

ಅಳಿಸುವುದು ಒಂದು ಕ್ಲಿಕ್ಕಿನ ಕೆಲಸ. ಅಳಿಸಿದ್ದರೆ ಅಲ್ಲಿಗೆ ಎಲ್ಲ ಮುಗಿಯುತ್ತಿತ್ತು, ಗೆಳೆತನವೂ ಉಳಿಯುತ್ತಿತ್ತು. ಆದರೆ ಅಳಿಸಿದರೆ ನಾನೇ ಇಟ್ಟೆ ಎಂದು ಒಪ್ಪಿಕೊಂಡ ಹಾಗೆ. ಆಗುವುದಿಲ್ಲ ಎಂದೆ. ಅವಳ ಅಮ್ಮನಿಗೆ ಹೇಳಿದ ಅದೇ ಮಾತನ್ನು ಅವಳಿಗೂ ಹೇಳಿದೆ. ಅವಳು ಶೂ ಹಾಕಿಕೊಂಡು ಹೊರಟೇಹೋದಳು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಸಿಟ್ಟು ಇಳಿದ ಮೇಲೆ ಅಳು ಬಂತು.

ಸೋತು ಬಿಡುವವಳಲ್ಲ ನಾನು. ಆಫೀಸಿನಲ್ಲಿ ಮೊರಿ ಸಾನ್ ಅಂತ ಒಬ್ಬರಿದ್ದಾರೆ, ಕ್ಯಾಮೆರಾ ಹುಚ್ಚಿನಲ್ಲಿ ನನ್ನನ್ನೂ ಮೀರಿಸಿದವರು. ಏನನ್ನೂ ಹೇಳದೆ ಅವರಿಗೆ ಮೂಲ ಫೈಲ್ ಕೊಟ್ಟೆ. ಅವರು ದೊಡ್ಡದು ಮಾಡಿ ನೋಡಿ, 'ಹೊಕುರೊ' ಎಂದರು. ಅಂದರೆ ಮಚ್ಚೆ. ಅಲ್ಲ, ಕೆನ್ನೆಯ ಮೇಲೆ ಏನೂ ಇರಲಿಲ್ಲ ಎಂದೆ. ಅವರು ನಕ್ಕು, ಕ್ಯಾಮೆರಾ ಸುಳ್ಳು ಹೇಳುವುದಿಲ್ಲವಲ್ಲ ಎಂದರು. ಅಲ್ಲಿಗೆ ಸುಳ್ಳು ಹೇಳಬಲ್ಲವಳು ನಾನೊಬ್ಬಳೇ ಉಳಿದೆ.

ಕೊನೆಗೆ ಗಿರಿಜಾ ಆಂಟಿಗೇ ಫೋನ್ ಮಾಡಿದೆ. ನೀವು ಕೇಳಿದಿರಿ, ನಾನು ಒಲ್ಲೆ ಎಂದೆ, ಅಷ್ಟನ್ನು ನಿಮ್ಮ ಮಗಳಿಗೆ ಹೇಳಿ ಸಾಕು ಎಂದು ಸ್ವಲ್ಪ ಜೋರಾಗಿಯೇ ಹೇಳಿದೆ.

"ಅಯ್ಯೋ, ಹೇಳ್ತೀನಿ ಬಿಡಮ್ಮ," ಎಂದರು ಅವರು. "ನೀನು ಆಗಲ್ಲ ಅಂದೆ, ಅವ್ಳೂ ಆಗಲ್ಲ ಅಂದ್ಲು. ಅದಕ್ಕೇ ನಾನೇ ಇಟ್ಟೆ."

ಎಲ್ಲಿಟ್ಟಿರಿ ಎಂದು ಕೇಳಿದೆ.

"ಫೋನಿನ ಮೇಲೇ. ಮಗು ಮುಖ ಕಾಣ್ತಿತ್ತಲ್ಲ, ಒಳಗ್ಹೋಗಿ ಕಾಡಿಗೆ ತಂದು ಅಲ್ಲೇ ಕೆನ್ನೆಗೆ ಇಟ್ಟೆ, ಕಿವಿ ಹತ್ರ. ಗಾಜು ನೋಡು, ಜಾರ್ತು. ಸ್ವಲ್ಪ ಕೆಳಗಡೆ ಎಳೆದ ಹಾಗಾಯ್ತು. ಹೋಗ್ಲಿ ಬಿಡು ಅಂತ ಒರೆಸಲಿಲ್ಲ."

ನಾನು ಆ ಬಾಲದ ವಿಷಯವನ್ನು ಅವರಿಗೆ ಹೇಳಿರಲಿಲ್ಲ. ಫೋಟೋದಲ್ಲಿ ಬೊಟ್ಟು ಬಂದಿದೆ ಎಂದೂ ಹೇಳಿರಲಿಲ್ಲ. ಅವರು ಆ ಫೋಟೋಗಳನ್ನು ನೋಡಿಯೂ ಇರಲಿಲ್ಲ, ಮಗಳು ಅಮ್ಮನಿಗೆ ಕಳಿಸಿರಲೇ ಇಲ್ಲ. ಫೋನ್ ಇಟ್ಟು ಆ ಫೋಟೋವನ್ನು ಮತ್ತೆ ತೆರೆದು ನೋಡಿದೆ. ಹೆದರಿಕೆ ಆಯಿತು ಎಂದು ಬರೆಯಲು ನನಗೇನೂ ನಾಚಿಕೆಯಿಲ್ಲ.

ಆಂಟಿ ಮಾತಿಗೆ ತಪ್ಪಲಿಲ್ಲ, ಮಗಳಿಗೆ ಎಲ್ಲವನ್ನೂ ಹೇಳಿದರು. ಸಹನಾಳಿಂದ ನನಗೆ ಒಂದೇ ಸಾಲಿನ ಮೆಸೇಜ್ ಬಂತು: 'ಇಬ್ಬರೂ ಸೇರಿ ಕಥೆ ಚೆನ್ನಾಗಿ ಕಟ್ಟಿದ್ದೀರಿ.'

ಆಮೇಲೆ ಇದನ್ನು ಕೇಳಿದವರೆಲ್ಲ ನನಗೆ ಬುದ್ಧಿ ಹೇಳಿದ್ದಾರೆ. ಇಂಜಿನಿಯರ್ ಗೆಳೆಯರು ನೆರಳು ಎಂದರು, ಆ ಹಾಲ್‌ನ ದೀಪದ ಯಾವುದೋ ಹೊಳಪು ಎಂದರು, ಸೆನ್ಸರಿನ ದೋಷ ಎಂದರು. ಸೆನ್ಸರಿನ ದೋಷ ಮಗುವಿನ ಜೊತೆ ಹೊರಳುವುದಿಲ್ಲ ಸ್ವಾಮಿ. ಇನ್ನು ಕೆಲವರು ಕೈಮುಗಿದು, ಅಜ್ಜಿಯ ಪ್ರೀತಿಗೆ ಸಮುದ್ರ ಅಡ್ಡ ಬರುತ್ತದೆಯೇ ಎಂದು ಕಣ್ಣು ಒದ್ದೆ ಮಾಡಿಕೊಂಡರು. ಪ್ರೀತಿಗೆ ಅಡ್ಡ ಬರಲಿಕ್ಕಿಲ್ಲ, ಕಾಡಿಗೆಗೆ ಬರುತ್ತದೆ. ಮೈಸೂರಿನ ಗಾಜಿಗೆ ಹಚ್ಚಿದ ಕಾಡಿಗೆ ಕಾವಾಸಾಕಿಯ ಕೆನ್ನೆಗೆ ಅಂಟುವುದಿಲ್ಲ. ಅಂಟಿದ್ದರೆ ಪ್ರದೀಪನ ಫೋನಿಗೂ ಕಾಣಬೇಕಿತ್ತು. ಎರಡು ಗುಂಪಿನವರ ಮಾತೂ ನನಗೆ ಸರಿಬರಲಿಲ್ಲ, ನನ್ನ ಹತ್ತಿರ ಮೂರನೆಯದೂ ಇಲ್ಲ.

ಮಗುವಿನ ಮೊದಲ ಹುಟ್ಟುಹಬ್ಬಕ್ಕೆ ಸಹನಾ ತಾನಾಗಿಯೇ ಫೋನ್ ಮಾಡಿದಳು. ಕ್ಯಾಮೆರಾ ತಗೊಂಡು ಬಾ ಎಂದಳು. ಹೋದೆ. ಬಾಗಿಲು ತೆರೆದರೆ ಎದುರಿನ ಗೋಡೆಯ ಮೇಲೆ ನಾನು ತೆಗೆದ ತೊಟ್ಟಿಲ ಫೋಟೋ, ಬೊಟ್ಟಿನ ಸಮೇತ. ನಾನು ಅದನ್ನೇ ನೋಡುತ್ತ ನಿಂತದ್ದು ಕಂಡು ಅವಳು ಅಡುಗೆಮನೆಯಿಂದಲೇ ಕೂಗಿದಳು.

"ನಾನೇ ಅಳಿಸೋಣ ಅಂತ ಕೂತೆ ಕಣೇ. ಕೈ ಬರ್ಲಿಲ್ಲ. ಆದ್ರೆ ನೀನೇ ಇಟ್ಟಿದ್ದು ಅಂತ ನಾನು ಈಗ್ಲೂ ಹೇಳೋದೇ."

"ಹೇಳ್ಕೋ," ಎಂದೆ. ಅವಳು ಕೈಯಲ್ಲಿ ಸೌಟು ಹಿಡಿದೇ ಬಂದು ನನ್ನನ್ನು ತಬ್ಬಿಕೊಂಡಳು, ನನ್ನ ಬೆನ್ನಿಗೆಲ್ಲ ಸಾರು ಮೆತ್ತಿತು.

ಆ ಫೈಲು ಈಗಲೂ ನನ್ನ ಹತ್ತಿರವಿದೆ. ಹೊಸ ಎಡಿಟಿಂಗ್ ಸಾಫ್ಟ್‌ವೇರ್ ಬಂದಾಗಲೆಲ್ಲ ಅದರಲ್ಲಿ ತೆರೆದು ನೋಡುತ್ತೇನೆ. ಈಗಿನವು ಕೇಳದೆಯೇ ಕಲೆಗಳನ್ನು ಹುಡುಕಿ ಗೆರೆ ಎಳೆದು ತೋರಿಸುತ್ತವೆ, ಇದನ್ನೂ ತೋರಿಸುತ್ತವೆ, ತೆಗೆಯಲೇ ಎಂದು ಕೇಳುತ್ತವೆ. ನಾನು 'ಬೇಡ' ಎಂಬುದನ್ನು ಒತ್ತುತ್ತೇನೆ. ಈ ಬೊಟ್ಟನ್ನು ನಾನು ಇಟ್ಟಿಲ್ಲ. ನಾನು ಅಳಿಸುವುದೂ ಇಲ್ಲ.