ಕೊರಿಯಾದ ಕೋಸಿಗೆ ಒಗ್ಗರಣೆ

ಮಾವಿನಕಾಯಿ ತೊಳೆಯಲೆಂದು ಗರಾಜಿನಿಂದ ದೊಡ್ಡ ಬೇಸಿನ್ನು ಒಳಗೆ ತಂದೆ. ಎಷ್ಟು ಉಜ್ಜಿದರೂ ಅದರ ಬೆಳ್ಳುಳ್ಳಿ, ಮೆಣಸಿನಪುಡಿಯ ವಾಸನೆ ಹೋಗುವುದಿಲ್ಲ. ಅದು ಪಕ್ಕದ ಮನೆಯಲ್ಲಿದ್ದ ಕೊರಿಯಾದ ಪ್ರೊಫೆಸರಮ್ಮನದು. ನಮ್ಮ ಈ ಊರು ಸಮರ್‌ಸೆಟ್ ಬಿಟ್ಟು ಮಗಳ ಮನೆಗೆ ಹೋಗುವಾಗ ನನಗೆ ಕೊಟ್ಟುಹೋದರು.

ಅವರು ಓದಲು ನ್ಯೂಯಾರ್ಕಿಗೆ ಬಂದಾಗ ಅವರ ಕಾಲೇಜಿನಲ್ಲಿ ಕೊರಿಯನ್ ಕಲಿಸುವವರೇ ಇರಲಿಲ್ಲವಂತೆ. ಪಠ್ಯಪುಸ್ತಕವೂ ಇಲ್ಲ. ಅಂಗಡಿಗಳು ಹಂಚುವ ಜಾಹೀರಾತಿನಿಂದ ಈರುಳ್ಳಿ, ಮೀನು, ಕೊಡೆಗಳ ಚಿತ್ರ ಕತ್ತರಿಸಿ ಅಂಟಿಸಿ, ಮೊದಲ ಪಾಠಗಳನ್ನು ಇವರೇ ಮಾಡಿದರು. ಮುಂದೆ ಇವರ ವ್ಯಾಕರಣ ಓದಿದವರೇ ಹಲವು ಕಾಲೇಜುಗಳಲ್ಲಿ ಮೇಷ್ಟರಾದರು. ಇದನ್ನೆಲ್ಲ ನನಗೆ ಹೇಳಿದ್ದು ಅವರ ಮಗಳು. ನನ್ನ ಮತ್ತು ಪ್ರೊಫೆಸರಮ್ಮನ ಮಾತು ಹೆಚ್ಚಾಗಿ ಕಸದ ಡಬ್ಬ ಯಾವತ್ತು ಹೊರಗಿಡಬೇಕು ಎಂಬಲ್ಲಿಗೆ ಮುಗಿಯುತ್ತಿತ್ತು. ಆ ವಿಷಯದಲ್ಲಿ ನಾನೇ ಪಂಡಿತೆ.

ರಿಟೈರಾದ ಮೇಲೆ ಅವರು ಹುಟ್ಟಿದ ದ್ವೀಪದ ಮಾತಿಗೆ ನಿಘಂಟು ಮಾಡಲು ಕೂತರು. ರಾಜಧಾನಿಯವರಿಗೆ ತಿಳಿಯದ ಆ ಮಾತು ಮುದುಕರ ಬಾಯಲ್ಲಷ್ಟೇ ಉಳಿದಿತ್ತು. ಅಂಥವರಲ್ಲಿ ಒಬ್ಬರಾದ ಅವರ ಅಕ್ಕ ಒಂದು ನವೆಂಬರಿನಲ್ಲಿ ಬಂದರು. ತೀರಾ ವಯಸ್ಸಾಗಿತ್ತು, ಮತ್ತೊಮ್ಮೆ ಇಷ್ಟು ದೂರ ಬರುವಂತಿರಲಿಲ್ಲ. ಆದರೆ ರೆಕಾರ್ಡರ್ ಇಟ್ಟೊಡನೆ ಅಕ್ಕ ಕೈ ಮಡಿಲಲ್ಲಿಟ್ಟು, ಬೆನ್ನು ನೆಟ್ಟಗೆ ಮಾಡಿ, ರಾಜಧಾನಿಯ ಮಾತನ್ನೇ ಆಡುತ್ತಿದ್ದರು. ಚಿಕ್ಕಂದಿನಲ್ಲಿ ಶಾಲೆಯಲ್ಲಿ ಮನೆಮಾತಾಡಿದರೆ ಬೆತ್ತ ಬೀಳುತ್ತಿತ್ತಂತೆ.

"ನನ್ನ ನಿಘಂಟಿನಲ್ಲಿ ಎಲ್ಲರೂ ಸಭ್ಯರು," ಎಂದರು ಪ್ರೊಫೆಸರಮ್ಮ, ಬೇಸರದಲ್ಲಿ. "ಯಾರೂ ಯಾರನ್ನೂ ಬೈಯದ ಊರು ಎಲ್ಲಾದರೂ ಇದೆಯೇ?"

ನನಗೆ ನಮ್ಮಕ್ಕನ ನೆನಪಾಯಿತು. ಮಂಡ್ಯದಲ್ಲಿದ್ದಾಳೆ. ವಿಡಿಯೋ ಕಾಲ್ ಮಾಡಿದರೆ ಸೆರಗು ಸರಿಮಾಡಿಕೊಂಡು, "ನಾವೆಲ್ಲರೂ ಕ್ಷೇಮ, ನೀವೆಲ್ಲರೂ ಹೇಗಿದ್ದೀರಿ?" ಎಂದು ರೇಡಿಯೋ ವಾರ್ತೆ ಓದುತ್ತಾಳೆ.

ಆ ವಾರ ಚಳಿಗಾಲಕ್ಕೆಂದು ಕೋಸಿನ ಉಪ್ಪಿನಕಾಯಿ ಹಾಕುವ ಕೆಲಸ. ನಾನೂ ಕೈಜೋಡಿಸಲು ಹೋದೆ. ರೆಕಾರ್ಡರ್ ಎಂದಿನಂತೆ ಕಿಟಕಿಯ ಬಳಿ ಓಡುತ್ತಿತ್ತು. ಉಪ್ಪಿನಲ್ಲಿ ಬಾಡಿದ ಕೋಸಿನ ಎಲೆಎಲೆಗೂ ಅಕ್ಕ ಖಾರ ಸವರಿದರು, ಪ್ರೊಫೆಸರಮ್ಮ ಮೂಲಂಗಿ ಹೆಚ್ಚಿದರು. ಅಕ್ಕ ಕೈ ತೊಳೆಯಲು ಒಳಗೆ ಹೋದಾಗ ನನಗೆ ಸುಮ್ಮನಿರಲಾಗಲಿಲ್ಲ. ನೀವೇ ಹೇಳಿ, ಉಪ್ಪಿನಕಾಯಿ ಎಂದಮೇಲೆ ಒಗ್ಗರಣೆ ಬೇಡವೇ? ಇಂಗು, ಸಾಸಿವೆಯನ್ನು ಮನೆಯಿಂದಲೇ ತಂದಿದ್ದೆ. ಸೌಟಿನಲ್ಲಿ ಎಣ್ಣೆ ಕಾಯಿಸಿ, ಚಟಪಟ ಎನ್ನಿಸಿ, ಬೇಸಿನ್ನಿಗೆ ಸುಯ್ಯೆಂದು ಸುರಿದೆ.

ಅಕ್ಕ ಬಾಗಿಲಲ್ಲಿ ನಿಂತರು. ಮೂಗು ಅರಳಿತು. ಆಮೇಲೆ ಬಾಯಿ ತೆರೆದರು.

ನನಗೆ ಒಂದು ಪದವೂ ತಿಳಿಯಲಿಲ್ಲ, ಎಲ್ಲವೂ ಅರ್ಥವಾಯಿತು. ಬೆನ್ನು ನೆಟ್ಟಗಿರಲಿಲ್ಲ, ಕೈ ಮಡಿಲಲ್ಲಿರಲಿಲ್ಲ, ನನ್ನಿಂದ ಕಿತ್ತುಕೊಂಡ ಸೌಟಿನ ಸಮೇತ ಗಾಳಿಯಲ್ಲಿತ್ತು. ಕ್ಷಮೆ ಕೇಳಲು ಪ್ರೊಫೆಸರಮ್ಮನ ಕಡೆ ತಿರುಗಿದರೆ, ಅವರು ಚಾಕು ಕೆಳಗಿಟ್ಟು, ಒದ್ದೆ ಕಣ್ಣಿನಲ್ಲಿ, ತುಟಿಯ ಮೇಲೆ ಬೆರಳಿಟ್ಟು ನನಗೆ ಸುಮ್ಮನಿರೆಂದು ಸನ್ನೆ ಮಾಡಿದರು. ಆಮೇಲೆ ತಾವೂ ಅದೇ ಮಾತಿನಲ್ಲಿ ಅಕ್ಕನಿಗೆ ಎದುರಾಡತೊಡಗಿದರು. ಮಧ್ಯಾಹ್ನದವರೆಗೂ ಜಗಳ, ನಡುನಡುವೆ ನಗು. ಕೋಸನ್ನು ನನ್ನ ಮನೆಯವರೇ ತಿಂದು ಮುಗಿಸಿದರು.

"ಇಷ್ಟೆಲ್ಲ ಬೈಗುಳ ನಾನೇ ಮರೆತಿದ್ದೆ," ಎಂದರು ಪ್ರೊಫೆಸರಮ್ಮ ಸಂಜೆ. ಊರಿಗೆ ಮರಳಿದ ಅಕ್ಕ ವಸಂತದ ಹೊತ್ತಿಗೆ ದ್ವೀಪದಲ್ಲೇ ತೀರಿಕೊಂಡರು. ನಿಘಂಟಿನ ಕೆಲಸ ಈಗಲೂ ನಡೆದಿದೆ.

ಇವತ್ತು ತೊಳೆದ ಮಾವಿನಕಾಯಿಯನ್ನು ಬೇಸಿನ್ನಿನಲ್ಲಿಟ್ಟು ನಮ್ಮಕ್ಕನಿಗೆ ವಿಡಿಯೋ ಕಾಲ್ ಮಾಡಿದೆ. "ನಾವೆಲ್ಲರೂ ಕ್ಷೇಮ," ಎಂದು ಶುರುಮಾಡಿದಳು. ನಾನು ಕಾಯಿ ಒರೆಸದೆ, ನೀರಿಳಿಯುವಂತೆಯೇ ಹೆಚ್ಚಿ, ಅವಳಿಗೆ ಕಾಣುವಂತೆ ಸೌಟಿನಿಂದ ಉಪ್ಪು ಸುರಿದೆ.

"ಅಯ್ಯೋ, ನಿನ್ ಮನೆ ಕಾಯ್ವೋಗ! ಒರಸ್ದೆ ಯಾರಾರ ಉಪ್ ಹಾಕಾರಾ? ಬೂಷ್ಟು ಹಿಡಿದೋಯ್ತದೆ ಕಣೇ! ಅವ್ವ ಇದ್ದಿದ್ರೆ ಅದೇ ಸೌಟ್ನಲ್ಲಿ ಕುಕ್ಕೋಳು ನಿನ್ ತಲೆಗೆ!"

ಮಗಳು ಮಹಡಿಯಿಂದ ಇಣುಕಿದಳು. "ಮಾಮ್, ಈಸ್ ದೊಡ್ಡಮ್ಮ ಮ್ಯಾಡ್ ಅಟ್ ಯೂ?"

"ಇಲ್ಲ ಪುಟ್ಟಿ," ಎಂದೆ. "ಮಾತಾಡ್ತಿದಾಳೆ. ಬಾ, ನೀನೂ ಕೂತ್ಕೋ."